ಮನವೆಂಬ ಎತ್ತು

ದೇವಾಲಯದ ಜೀರ್ಣೋದ್ಧಾರವೆಂಬುದು ಪುಣ್ಯಕಾರ್ಯಗಳಲ್ಲಿ ಶ್ರೇಷ್ಠವಾದುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಬಿರಿದ ಕಲ್ಲುಗಳು ಸರಿಹೊಂದುತ್ತವೆ. ಗೋಪುರವು ಹೊಸ ಬಣ್ಣವನ್ನು ತಳೆಯುತ್ತದೆ. ಕುಂಭಾಭಿಷೇಕದ ದಿನ ಊರಿಗೆ ಊರೇ ನೆರೆಯುತ್ತದೆ. ಆದರೆ ಆ ಗುಡಿಯೊಳಗೆ ಬಂದು ನಿಲ್ಲುವ ಮನುಷ್ಯನ ಮನಸ್ಸಿನ ಸ್ಥಿತಿಯೇನು? ಕೈಗಳು ಮುಗಿದಿರುತ್ತವೆ, ಕಣ್ಣುಗಳು ಮಂಗಳಾರತಿಯ ಮೇಲಿರುತ್ತವೆ; ಮನಸ್ಸು ಮಾತ್ರ ಮಾವಿನ ತೋಪಿನ ಗುತ್ತಿಗೆಯಲ್ಲಿಯೋ, ಹೊಸೂರಿನ ಕಾರ್ಖಾನೆಯ ರಾತ್ರಿಪಾಳಿಯಲ್ಲಿಯೋ, ದಾಯಾದಿಗಳ ಪಾಲುಹಂಚಿಕೆಯ ವ್ಯಾಜ್ಯದಲ್ಲಿಯೋ ಅಲೆಯುತ್ತಿರುತ್ತದೆ. ಒಂದು ಕ್ಷಣದ ಕೋಪದಲ್ಲಿ ಆಡಿದ ಒಂದು ಮಾತಿನಿಂದ ಒಡಹುಟ್ಟಿದವರು ವರ್ಷಗಟ್ಟಲೆ ಒಬ್ಬರ ಮನೆಯ ಹೊಸ್ತಿಲನ್ನು ಮತ್ತೊಬ್ಬರು ತುಳಿಯದೆ ಇರುವ ಮನೆತನಗಳು ಯಾವ ಊರಿನಲ್ಲಿ ಇಲ್ಲ? ಆದುದರಿಂದ ಮನಸ್ಸನ್ನು ಶಾಂತಗೊಳಿಸುವ ಹಾಗೂ ತನ್ನನ್ನು ತಾನು ಅರಿಯುವ ವಿದ್ಯೆಯು ವಿರಕ್ತರಿಗೆ ಮಾತ್ರ ಬೇಕಾದುದಲ್ಲ. ಸಂಸಾರಿಗಳಿಗೇ ಅದು ಹೆಚ್ಚಾಗಿ ಬೇಕು.

ಈ ವಿದ್ಯೆಯನ್ನು ಬಹಳ ಸರಳವಾದ ಚಿತ್ರಗಳ ಮೂಲಕ ಬೋಧಿಸಿದ ಒಂದು ಪರಂಪರೆ ‘ಜೆನ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿದೆ. ಹೆಸರು ಪರದೇಶದ್ದೆಂದು ತೋರಿದರೂ ಅದರ ಬೇರು ಈ ನೆಲದ್ದೇ. ಸಂಸ್ಕೃತದ ‘ಧ್ಯಾನ’ ಶಬ್ದವು ಚೀನಾ ದೇಶದಲ್ಲಿ ‘ಚಾನ್’ ಆಯಿತು; ಅಲ್ಲಿಂದ ಜಪಾನಿಗೆ ಹೋಗಿ ‘ಜೆನ್’ ಎನಿಸಿತು. ಚೀನಾದಲ್ಲಿ ಈ ಮಾರ್ಗದ ಮೂಲಗುರುವೆಂದು ಪೂಜಿತನಾದವನು ಕ್ರಿ. ಶ. ೫-೬ನೆಯ ಶತಮಾನಗಳ ಬೋಧಿಧರ್ಮ. ಆತನು ಪಾರಸೀಕ ದೇಶದವನೆಂದು ೫೪೭ರ ಸುಮಾರಿನ ಒಂದು ಚೀನೀ ಗ್ರಂಥವು ಹೇಳಿದರೆ, ದಕ್ಷಿಣ ಭಾರತದ ರಾಜಪುತ್ರನೆಂದು ಮತ್ತೊಂದು ಪ್ರಾಚೀನ ಬರಹವು ಹೇಳುತ್ತದೆ. ಕಾಂಚೀಪುರದವನೆಂಬುದು ತಮಿಳುನಾಡಿನಲ್ಲಿ ಪ್ರಚಲಿತವಾದ ನಂಬಿಕೆ. ಹೊಸೂರು, ಕೃಷ್ಣಗಿರಿಗಳನ್ನು ದಾಟಿ ಚೆನ್ನೈಗೆ ಹೋಗುವ ಹೆದ್ದಾರಿಯು ಆ ಕಂಚಿಯ ಬಳಿಯೇ ಹಾಯ್ದುಹೋಗುತ್ತದೆ.

ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಶರಣರು ವಚನಗಳನ್ನು ನುಡಿದ ಶತಮಾನದಲ್ಲಿಯೇ, ಚೀನಾ ದೇಶದ ಗುವೋಆನ್ ಎಂಬ ಗುರುವು ಹತ್ತು ಚಿತ್ರಗಳನ್ನೂ ಅವುಗಳಿಗೆ ಪದ್ಯಗಳನ್ನೂ ರಚಿಸಿದನು. ಅವುಗಳ ವಸ್ತು ಒಬ್ಬ ದನಗಾಹಿ ಹಾಗೂ ಒಂದು ಎತ್ತು. ಆಲಂಬಾಡಿ ತಳಿಯ ರಾಸುಗಳನ್ನು ಸಾಕಿದ, ಸಂಕ್ರಾಂತಿಯ ತರುವಾಯ ಎತ್ತು ಬಿಡುವ ಹಬ್ಬವನ್ನು ನಡೆಸುವ ಈ ಸೀಮೆಯ ರೈತರಿಗೆ ಆ ಚಿತ್ರಗಳನ್ನು ಬಿಡಿಸಿ ಹೇಳಲು ಪಂಡಿತರ ಅವಶ್ಯಕತೆಯಿಲ್ಲ.

ಮೊದಲನೆಯ ಚಿತ್ರದಲ್ಲಿ ದನಗಾಹಿಯು ಕಳೆದುಹೋದ ಎತ್ತನ್ನು ಹುಡುಕುತ್ತ ಕಾಡಿನಲ್ಲಿ ಅಲೆಯುತ್ತಾನೆ. ಎರಡನೆಯದರಲ್ಲಿ ಅದರ ಹೆಜ್ಜೆಗುರುತುಗಳು ಕಾಣುತ್ತವೆ. ಮೂರನೆಯದರಲ್ಲಿ ಎತ್ತು ಕಣ್ಣಿಗೆ ಬೀಳುತ್ತದೆ. ನಾಲ್ಕನೆಯದರಲ್ಲಿ ಅದನ್ನು ಹಗ್ಗದಿಂದ ಹಿಡಿಯುತ್ತಾನೆ; ಅದು ಎಳೆದಾಡುತ್ತದೆ. ಐದನೆಯದರಲ್ಲಿ ಅದು ಪಳಗುತ್ತದೆ. ಆರನೆಯದರಲ್ಲಿ ಅದರ ಬೆನ್ನೇರಿ ಕೊಳಲನ್ನೂದುತ್ತ ಮನೆಗೆ ಮರಳುತ್ತಾನೆ. ಏಳನೆಯದರಲ್ಲಿ ಎತ್ತಿನ ಚಿಂತೆಯೇ ಇಲ್ಲ; ಅವನೊಬ್ಬನೇ ನೆಮ್ಮದಿಯಿಂದ ಕುಳಿತಿದ್ದಾನೆ. ಎಂಟನೆಯದರಲ್ಲಿ ಎತ್ತೂ ಇಲ್ಲ, ದನಗಾಹಿಯೂ ಇಲ್ಲ. ಬರಿಯ ಒಂದು ವೃತ್ತ ಮಾತ್ರ. ಒಂಬತ್ತನೆಯದರಲ್ಲಿ ನೀರು ಹರಿಯುತ್ತದೆ, ಮರವು ಹೂ ಬಿಟ್ಟಿದೆ. ಲೋಕವು ಇದ್ದಂತೆಯೇ ಇದೆ. ಹತ್ತನೆಯದರಲ್ಲಿ ಆ ಮನುಷ್ಯನು ಬರಿಗಾಲಿನಲ್ಲಿ, ನಗುಮುಖದಿಂದ, ಜನರಿಗೆ ನೆರವಾಗಲು ಸಂತೆಯ ಬೀದಿಗೆ ಬರುತ್ತಾನೆ.

ಇಲ್ಲಿ ಎತ್ತೆಂದರೆ ಮನಸ್ಸು. ಇನ್ನೂ ಆಳವಾಗಿ ನೋಡಿದರೆ ಮನುಷ್ಯನ ನಿಜಸ್ವರೂಪ. ಹುಡುಕುವವನೂ ತಾನೇ, ಕಳೆದುಹೋದುದೂ ತನ್ನದೇ. ಹೆಜ್ಜೆಗುರುತುಗಳೆಂದರೆ ಶಾಸ್ತ್ರಗ್ರಂಥಗಳು, ಗುರುಹಿರಿಯರ ಮಾತುಗಳು. ಅವು ದಾರಿಯನ್ನು ತೋರುತ್ತವೆ. ಆದರೆ ಹೆಜ್ಜೆಗುರುತನ್ನು ಗಾಡಿಗೆ ಹೂಡಲಾಗುವುದಿಲ್ಲ. ನಾಲ್ಕು ಮತ್ತು ಐದನೆಯ ಚಿತ್ರಗಳಲ್ಲಿಯೇ ಸಂಸಾರಿಯ ಸಾಧನೆಯ ಬಹುಭಾಗ ಅಡಗಿದೆ. ಹೊಸದಾಗಿ ಮೂಗುದಾರ ಹಾಕಿದ ಹೋರಿಯನ್ನು ಬಲವಾಗಿ ಹೊಡೆದರೆ ಅದು ಬೆದರುತ್ತದೆ, ಹಗ್ಗವನ್ನೇ ಬಿಟ್ಟರೆ ಪರರ ಹೊಲಕ್ಕೆ ನುಗ್ಗುತ್ತದೆ. ಅನುಭವಸ್ಥನಾದ ರೈತನು ಹೊಡೆಯುವುದೂ ಇಲ್ಲ, ಬಿಡುವುದೂ ಇಲ್ಲ. ಹಗ್ಗವನ್ನು ಕೈಯಲ್ಲಿ ಹಿಡಿದು ಜೊತೆಯಲ್ಲಿ ನಡೆಯುತ್ತಾನೆ. ಮನಸ್ಸಿನ ವಿಷಯದಲ್ಲಿಯೂ ಇದೇ ಕ್ರಮ.

ಈ ಬೋಧನೆ ಇಲ್ಲಿನವರಿಗೆ ಹೊಸತಲ್ಲ. ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಮನಸ್ಸನ್ನು ಹಿಡಿಯುವುದು ಗಾಳಿಯನ್ನು ಹಿಡಿದಷ್ಟು ಕಷ್ಟವೆಂದು ದೂರುತ್ತಾನೆ. ಕೃಷ್ಣನು ಅದನ್ನು ಅಲ್ಲಗಳೆಯದೆ, ಅಭ್ಯಾಸ ವೈರಾಗ್ಯಗಳಿಂದ ಅದು ಸಾಧ್ಯವೆಂದು ಹೇಳುತ್ತಾನೆ. ಬಸವಣ್ಣನವರು ಮನಸ್ಸನ್ನು ಕೊಂಬೆಯಿಂದ ಕೊಂಬೆಗೆ ನೆಗೆಯುವ ಮಂಗಕ್ಕೆ ಹೋಲಿಸಿದರು. ಚೀನೀ ಬೌದ್ಧರಲ್ಲಿಯೂ ಅದೇ ಹೋಲಿಕೆಯುಂಟು. ತಮಿಳುನಾಡಿನ ಶೈವಸಿದ್ಧಾಂತವು ಪತಿ, ಪಶು, ಪಾಶವೆಂದು ಮೂರು ತತ್ತ್ವಗಳನ್ನು ಹೇಳಿ, ಜೀವನನ್ನು ಹಗ್ಗದಿಂದ ಕಟ್ಟಲ್ಪಟ್ಟ ಪಶುವೆಂದೇ ಕರೆಯಿತು. ಹೊಸೂರಿನ ಬೆಟ್ಟದ ಮೇಲಿನ ಚಂದ್ರಚೂಡೇಶ್ವರನ ಸನ್ನಿಧಿಯಿಂದ ಹಳ್ಳಿಯ ಚಿಕ್ಕ ಈಶ್ವರನ ಗುಡಿಯವರೆಗೆ ಶಿವನ ಎದುರಿಗೆ ಕುಳಿತಿರುವ ನಂದಿಯನ್ನು ನೋಡಿದರೆ ಸಾಕು. ಅದಕ್ಕೆ ಬಲವಿಲ್ಲವೆಂದಲ್ಲ, ಇರುವ ಬಲವೆಲ್ಲ ಒಂದೇ ದಿಕ್ಕಿಗೆ ನೆಟ್ಟ ನೋಟವಾಗಿದೆ. ಪಳಗಿದ ಮನಸ್ಸಿಗೆ ಇದಕ್ಕಿಂತ ಸ್ಪಷ್ಟವಾದ ವಿಗ್ರಹವು ಬೇರೆ ಬೇಕಿಲ್ಲ.

ಹಾಗೆಂದು ಎಲ್ಲವೂ ಒಂದೇ ಎಂದು ಹೇಳಿಬಿಡುವುದು ಸರಿಯಲ್ಲ. ಶೈವ ವೈಷ್ಣವ ಮತಗಳು ನಿತ್ಯವಾದ ಆತ್ಮವನ್ನೂ ಈಶ್ವರನನ್ನೂ ಒಪ್ಪುತ್ತವೆ. ಬೌದ್ಧಮೂಲದ ಜೆನ್ ಹಾಗೆ ಒಪ್ಪುವುದಿಲ್ಲ. ಗುರಿಯ ವಿವರಣೆಯಲ್ಲಿ ಭೇದವಿದೆ. ಎತ್ತನ್ನು ಪಳಗಿಸುವ ಕ್ರಮದಲ್ಲಿ ಮಾತ್ರ ಒಬ್ಬರಿಂದೊಬ್ಬರು ಕಲಿಯತಕ್ಕದ್ದು ಬಹಳವಿದೆ.

ಆ ಕ್ರಮವೇನು? ಜಪಾನಿನ ದೋಗೆನ್ ಎಂಬ ಗುರುವು (೧೨೦೦-೧೨೫೩) ಚೀನಾದಲ್ಲಿ ಸಾಧನೆ ಮಾಡಿ ೧೨೨೭ರಲ್ಲಿ ಸ್ವದೇಶಕ್ಕೆ ಮರಳಿ, ಸುಮ್ಮನೆ ಕುಳಿತುಕೊಳ್ಳುವ ವಿಧಾನವನ್ನು ಎಲ್ಲರಿಗೂ ತಿಳಿಯುವಂತೆ ಬರೆದನು. ಬೆನ್ನು ನೆಟ್ಟಗಿರಬೇಕು, ಕೈಗಳು ಮಡಿಲಿನಲ್ಲಿ ಒಂದರ ಮೇಲೊಂದು ಇರಬೇಕು, ಕಣ್ಣನ್ನು ಮುಚ್ಚಬಾರದು, ಉಸಿರು ಮೂಗಿನಿಂದ ಮೆಲ್ಲನೆ ಆಡಬೇಕು. ಹೊಸಬರಿಗೆ ಜೆನ್ ಗುರುಗಳು ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸಿ ಮತ್ತೆ ಒಂದಕ್ಕೆ ಬರುವಂತೆ ಹೇಳಿಕೊಡುತ್ತಾರೆ. ನಾಲ್ಕನ್ನು ದಾಟುವುದರೊಳಗೆ ಮನಸ್ಸು ಎಲ್ಲಿಗೋ ಹೋಗಿರುತ್ತದೆ. ಅದಕ್ಕಾಗಿ ತನ್ನನ್ನು ತಾನು ಹಳಿದುಕೊಳ್ಳದೆ ಮತ್ತೆ ಒಂದರಿಂದ ಆರಂಭಿಸಬೇಕು. ಹೋದುದನ್ನು ಕಂಡು ಹಿಂದಕ್ಕೆ ಕರೆತರುವುದೇ ಅಭ್ಯಾಸ.

ತನ್ನರಿವೆಂಬುದು ಅಡಂಗಲ್ ಪುಸ್ತಕವನ್ನು ಬರೆಯುವಂತಹ ಕೆಲಸ. ಹೊಲದಲ್ಲಿ ರಾಗಿಯಿದ್ದರೆ ರಾಗಿಯೆಂದು, ಹುರುಳಿಯಿದ್ದರೆ ಹುರುಳಿಯೆಂದು, ಬೀಳುಬಿದ್ದಿದ್ದರೆ ಬೀಳೆಂದು ಬರೆಯಬೇಕು. ಒಡೆಯನು ಬಯಸಿದ ಬೆಳೆಯನ್ನು ಬರೆಯತಕ್ಕದ್ದಲ್ಲ. ಹಾಗೆಯೇ ಮನಸ್ಸಿನಲ್ಲಿ ಕೋಪವಿದ್ದರೆ ಕೋಪವಿದೆಯೆಂದು, ಹೊಟ್ಟೆಕಿಚ್ಚಿದ್ದರೆ ಅದಿದೆಯೆಂದು, ಅಲಂಕರಿಸದೆ, ಅಡಗಿಸದೆ ಗುರುತಿಸಿಕೊಳ್ಳಬೇಕು. ಗುರುತಿಸಿದ ಕೋಪಕ್ಕೂ ನಾಲಿಗೆಗೂ ನಡುವೆ ಒಂದು ಉಸಿರಿನಷ್ಟು ಎಡೆ ದೊರೆಯುತ್ತದೆ. ಎಷ್ಟೋ ಮನೆಗಳು ಒಡೆಯದೆ ಉಳಿಯುವುದಕ್ಕೆ ಅಷ್ಟು ಎಡೆ ಸಾಕು.

ಕುಳಿತಾಗ ಮಾತ್ರ ಸಾಧನೆಯಲ್ಲ. ದೋಗೆನ್ ಚೀನಾದ ಮಠದಲ್ಲಿ ಅರವತ್ತೆಂಟು ವರ್ಷದ ಒಬ್ಬ ಅಡಿಗೆಯವನನ್ನು ಕಂಡನು. ಬೆನ್ನು ಬಾಗಿದ ಆ ವೃದ್ಧನು ಸುಡುಬಿಸಿಲಿನಲ್ಲಿ ಅಣಬೆಗಳನ್ನು ಒಣಹಾಕುತ್ತಿದ್ದನು. ಬೇರೆಯವರಿಂದ ಮಾಡಿಸಬಾರದೇಕೆಂದು ಕೇಳಿದರೆ, ಬೇರೆಯವರು ತಾನಲ್ಲವೆಂದನು. ಬಿಸಿಲು ತಗ್ಗಲೆಂದರೆ, ಮತ್ತಾವ ಹೊತ್ತಿಗೆ ಕಾಯಬೇಕೆಂದು ತಿರುಗಿ ಕೇಳಿದನು. ಆ ಮಾತು ತರುಣ ದೋಗೆನ್‌ನ ಬಾಯಿ ಕಟ್ಟಿಸಿತು. ಗುಡಿಯ ಅಂಗಳವನ್ನು ಗುಡಿಸುವವರು, ಹೂ ಕಟ್ಟುವವರು, ಅನ್ನಸಂತರ್ಪಣೆಗೆ ಅಕ್ಕಿ ಆರಿಸುವವರು ತಮ್ಮ ಕೈಗೆಲಸದಲ್ಲಿಯೇ ಮನಸ್ಸನ್ನು ನಿಲ್ಲಿಸಿದರೆ ಅವರೂ ಧ್ಯಾನಿಗಳೇ.

ದರ್ಶನವಾದ ಮೇಲೆ ಗುಡಿಯಲ್ಲಿ ಸ್ವಲ್ಪ ಹೊತ್ತು ಕುಳಿತೇ ಹೋಗಬೇಕೆಂಬ ಪದ್ಧತಿ ಕನ್ನಡಿಗರಲ್ಲಿಯೂ ತಮಿಳರಲ್ಲಿಯೂ ಇದೆ. ಈಚೆಗೆ ಆ ಹೊತ್ತನ್ನು ಕೈಫೋನು ಕಸಿದುಕೊಳ್ಳುತ್ತಿದೆ. ಆ ಹತ್ತು ನಿಮಿಷಗಳನ್ನು ಮರಳಿ ಪಡೆದು, ಕಂಬಕ್ಕೆ ಒರಗದೆ ನೆಟ್ಟಗೆ ಕುಳಿತು, ಹತ್ತರವರೆಗೆ ಉಸಿರನ್ನು ಎಣಿಸುವುದಕ್ಕೆ ಖರ್ಚಿಲ್ಲ, ಮಂತ್ರೋಪದೇಶವೂ ಬೇಕಿಲ್ಲ. ಇಷ್ಟದೈವದ ನಾಮವನ್ನು ಉಸಿರಿನೊಡನೆ ಸೇರಿಸುವವರು ಸೇರಿಸಬಹುದು. ನಿದ್ರೆಗೆಡುವಷ್ಟು ಕಳವಳವುಳ್ಳವರು ಇದರ ಜೊತೆಗೆ ವೈದ್ಯರನ್ನೂ ಕಾಣುವುದು ವಿವೇಕ.

ಗುವೋಆನ್‌ಗಿಂತ ಹಿಂದಿನ ಚಿತ್ರಮಾಲೆಯು ಶೂನ್ಯದಲ್ಲಿಯೇ ಮುಗಿದಿತ್ತೆಂದು ಹೇಳುತ್ತಾರೆ. ಆತನು ಅಲ್ಲಿ ನಿಲ್ಲಿಸದೆ ಮನುಷ್ಯನನ್ನು ಮರಳಿ ಸಂತೆಗೆ ಕಳುಹಿಸಿದುದರಲ್ಲಿ ದೊಡ್ಡ ಅರ್ಥವಿದೆ. ಮೌನದ ಪರೀಕ್ಷೆ ಮೌನದಲ್ಲಿ ನಡೆಯುವುದಿಲ್ಲ; ತೂಕದ ತಕ್ಕಡಿಯ ಮುಂದೆ, ಹೊಲದ ಬದುವಿನ ಮೇಲೆ, ಮುನಿಸಿಕೊಂಡ ತಮ್ಮನ ಮನೆಯ ಬಾಗಿಲಲ್ಲಿ ನಡೆಯುತ್ತದೆ. ಕಲ್ಲಿನ ಗುಡಿಯನ್ನು ಕೂಡಿ ಕಟ್ಟಿದ ಸದ್ಭಕ್ತರು ಒಳಗಿನ ಗುಡಿಯನ್ನೂ ದಿನಕ್ಕೆ ಹತ್ತು ನಿಮಿಷದಂತೆ ಜೀರ್ಣೋದ್ಧಾರಗೊಳಿಸುವಂತಾಗಲಿ. ಮನವೆಂಬ ಎತ್ತು ನಂದಿಯಂತೆ ಒಡೆಯನ ಎದುರಿಗೆ ನೆಲೆಗೊಳ್ಳಲಿ.