ಗಣಿ ಕಾನೂನು ಮತ್ತು ರಾಜಧನ: ಚಿತ್ರದುರ್ಗ ಜಿಲ್ಲೆಯ ನೆಲೆಯಲ್ಲಿ

ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಬಳಿ ವೇದಾವತಿಯ ಮರಳು ತುಂಬಿಕೊಂಡು ಹೊರಟ ಟ್ರ್ಯಾಕ್ಟರ್ ನಿಲ್ಲಿಸಿದರೆ ಅಧಿಕಾರಿ ಮೊದಲು ಕೇಳುವುದು ಪರ್ಮಿಟ್. ಮರಳು, ಕಟ್ಟಡದ ಕಲ್ಲು ಉಪಖನಿಜಗಳು. 1957ರ ಗಣಿ ಮತ್ತು ಖನಿಜ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 15ನೇ ಸೆಕ್ಷನ್ ಇವುಗಳ ನಿಯಮ ರಚನೆಯನ್ನು ರಾಜ್ಯಕ್ಕೆ ಬಿಟ್ಟಿದೆ. ನಮ್ಮಲ್ಲಿ ಅದು 1994ರ ಉಪಖನಿಜ ರಿಯಾಯಿತಿ ನಿಯಮಾವಳಿ. ಅದೇ ಜಿಲ್ಲೆಯ ಹೊಳಲ್ಕೆರೆ, ಹೊಸದುರ್ಗ ಕಡೆಯ ಕಬ್ಬಿಣದ ಅದಿರು ಪ್ರಧಾನ ಖನಿಜ. ಅದರ ರಾಜಧನದ ದರ ನಿಗದಿಪಡಿಸುವುದು ಕೇಂದ್ರ, ಹಣ ಸೇರುವುದು ರಾಜ್ಯದ ಬೊಕ್ಕಸಕ್ಕೆ. ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ರಾಜಧನ ತೆರಿಗೆಯೇ? ಅಲ್ಲ ಎಂದು 2024ರ ಜುಲೈ 25ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1 ಬಹುಮತದಿಂದ ಹೇಳಿತು. ಖನಿಜ ಹಕ್ಕಿನ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಗಳಿಗಿದೆ ಎಂದೂ ಎತ್ತಿಹಿಡಿಯಿತು.

2015ರ ತಿದ್ದುಪಡಿ ಹರಾಜು ಪದ್ಧತಿಯನ್ನೂ ಜಿಲ್ಲಾ ಖನಿಜ ಪ್ರತಿಷ್ಠಾನವನ್ನೂ ತಂದಿತು. ಹಳೆಯ ಗುತ್ತಿಗೆದಾರರು ರಾಜಧನದ ಶೇ 30, ಹರಾಜಿನಲ್ಲಿ ಪಡೆದವರು ಶೇ 10ರಷ್ಟು ಮೊತ್ತವನ್ನು ಪ್ರತಿಷ್ಠಾನಕ್ಕೆ ಕಟ್ಟಬೇಕು. ಗಣಿಬಾಧಿತ ಊರಿನ ನೀರು, ಶಾಲೆ, ಆಸ್ಪತ್ರೆಗೆ ಈ ಹಣ ಸಕಾಲಕ್ಕೆ ತಲುಪುತ್ತದೆಯೇ ಎಂಬುದು ಮುಖ್ಯ ಪರೀಕ್ಷೆಯ ಪ್ರಬಂಧಕ್ಕೆ ಒಳ್ಳೆಯ ವಸ್ತು.

ಅಕ್ರಮ ಗಣಿಗಾರಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ, ಬಳ್ಳಾರಿಯ ಬೆನ್ನಿಗೇ 2011ರ ಆಗಸ್ಟ್‌ನಲ್ಲಿ ಚಿತ್ರದುರ್ಗ, ತುಮಕೂರಿನಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಅದೇ ಕೋರ್ಟ್‌ನ 2013ರ ತೀರ್ಪು ‘ಸಿ’ ವರ್ಗದ, ಅಂದರೆ ಅಕ್ರಮ ಅತಿ ಹೆಚ್ಚಿದ್ದ ಗುತ್ತಿಗೆಗಳನ್ನು ರದ್ದುಪಡಿಸಿತು.

ಸ್ಮಾರಕಗಳ ಬಳಿಯೂ ಗಣಿಗಾರಿಕೆಗೆ ಮಿತಿಯಿದೆ. ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಇಂಥ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1992ರ ಅಧಿಸೂಚನೆ ಕಟ್ಟಡದ ಜತೆ ಗಣಿಗಾರಿಕೆಯನ್ನೂ ಹೆಸರಿಸಿಯೇ ಈ ಗಡಿ ಎಳೆದಿದೆ.