ಆಟದ ತಂತ್ರಾಂಶ ಮತ್ತು ಪರವಾನಗಿ: ಹಂಚುವ ಹಕ್ಕು, ಮಾರುವ ಹಕ್ಕು

ಪಾಠದ ಉದ್ದೇಶಗಳು
1. ‘ಉಚಿತ’ ಮತ್ತು ‘ಮುಕ್ತ’ ಎಂಬ ಪದಗಳ ಅರ್ಥಭೇದವನ್ನು ವಿದ್ಯಾರ್ಥಿಗಳು ಗ್ರಹಿಸುವುದು.
2. ಆಟವೊಂದರ ಪರವಾನಗಿಯನ್ನು ಓದಿ, ಹಂಚಿಕೆಗೂ ಮಾರಾಟಕ್ಕೂ ಇರುವ ಮಿತಿಯನ್ನು ಗುರುತಿಸುವುದು.
3. ಪರರ ಶ್ರಮವನ್ನು ಬಳಸುವಾಗ ಪಾಲಿಸಬೇಕಾದ ನ್ಯಾಯವನ್ನು ಅರಿಯುವುದು.

ಪೀಠಿಕೆ

ಚೆನ್ನೆಮಣೆಗೆ ಒಡೆಯರಿಲ್ಲ. ಎರಡು ಸಾಲುಗಳಲ್ಲಿ ಏಳೇಳು ಗುಳಿಗಳನ್ನು ಕೊರೆಯಬಲ್ಲ ಯಾವ ಬಡಗಿಯೂ ಅದನ್ನು ಮಾಡಿ ಮಾರಬಹುದು; ಯಾವ ಮನೆಯವರೂ ನಿಯಮಗಳನ್ನು ತಮಗೆ ಬೇಕಾದಂತೆ ತಿದ್ದಿಕೊಂಡು ಆಡಬಹುದು. ಗಣಕದಲ್ಲಿ ಆಡುವ ಆಟದ ಸ್ಥಿತಿ ಬೇರೆ. 1957ರ ಭಾರತೀಯ ಕೃತಿಸ್ವಾಮ್ಯ ಅಧಿನಿಯಮವು ಗಣಕ ಕ್ರಮವಿಧಿಯನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿಯೇ ಇರಿಸಿದೆ. ಆದ್ದರಿಂದ ಪ್ರತಿ ತೆಗೆಯುವ, ಮಾರ್ಪಡಿಸುವ, ಮಾರುವ ಹಕ್ಕುಗಳು ಮೊದಲಿಗೆ ಕೃತಿಸ್ವಾಮ್ಯ ಹೊಂದಿದವರವು. ಇವುಗಳಲ್ಲಿ ಯಾವುದನ್ನು, ಎಷ್ಟರ ಮಟ್ಟಿಗೆ ಇತರರಿಗೆ ಬಿಟ್ಟುಕೊಡಲಾಗಿದೆ ಎಂಬುದನ್ನು ತಿಳಿಸುವ ಅನುಮತಿಪತ್ರವೇ ಪರವಾನಗಿ. ಹಣ ತೆತ್ತು ಆಟವನ್ನು ಪಡೆದವರಿಗೂ ದೊರೆಯುವುದು ಸಾಮಾನ್ಯವಾಗಿ ಆಡುವ ಅನುಮತಿ ಮಾತ್ರ.

ಒಂದು ನಿದರ್ಶನ: ‘ಡೂಮ್’ ಆಟದ ಇತಿಹಾಸ

ಈ ವಿಷಯವನ್ನು ವಿಶದಪಡಿಸಲು ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯ ‘ಡೂಮ್’ ಉತ್ತಮ ಉದಾಹರಣೆ. ಹಿಂಸೆ ತುಂಬಿದ ಆಟವಾದುದರಿಂದ ಅದನ್ನು ತರಗತಿಯಲ್ಲಿ ತೋರಿಸುವುದು ಸಲ್ಲದು; ಅದರ ಪರವಾನಗಿಯ ಕಥೆಯನ್ನಷ್ಟೇ ಹೇಳಿದರೆ ಸಾಕು.

1993ರ ಡಿಸೆಂಬರಿನಲ್ಲಿ ಹೊರಬಂದ ಈ ಆಟದ ಮೊದಲ ಭಾಗವನ್ನು ಯಾರು ಬೇಕಾದರೂ ಪ್ರತಿ ತೆಗೆದು ಗೆಳೆಯರಿಗೆ ಕೊಡಬಹುದಾಗಿತ್ತು. ಉಳಿದ ಎರಡು ಭಾಗಗಳಿಗೆ ಹಣ ತೆರಬೇಕಾಗಿತ್ತು, ಅವುಗಳನ್ನು ಹಂಚುವಂತಿರಲಿಲ್ಲ. ಹೀಗೆ ಒಂದೇ ಆಟದೊಳಗೆ ಎರಡು ಬಗೆಯ ಅನುಮತಿಗಳಿದ್ದವು.

1997ರಲ್ಲಿ ಸಂಸ್ಥೆಯು ಆಟದ ಮೂಲಸಂಕೇತವನ್ನೇ ಪ್ರಕಟಿಸಿತು. ಆದರೆ ವಾಣಿಜ್ಯ ಬಳಕೆಗೆ ನಿಷೇಧವಿತ್ತು. ಇನ್ನೊಂದು ಸಂಗತಿಯೂ ಗಮನಾರ್ಹ: ಡಾಸ್ ಆವೃತ್ತಿಯ ಧ್ವನಿಭಾಗವು ಬೇರೆಯವರ ಸ್ವತ್ತಾಗಿದ್ದ ಕಾರಣ ಆ ಆವೃತ್ತಿಯನ್ನು ಬಿಟ್ಟು, ಲಿನಕ್ಸ್ ಆವೃತ್ತಿಯ ಸಂಕೇತವನ್ನು ಮಾತ್ರ ನೀಡಲಾಯಿತು. ತನ್ನದಲ್ಲದ್ದನ್ನು ದಾನ ಮಾಡಲು ಆಟದ ಒಡೆಯನಿಗೂ ಅಧಿಕಾರವಿರಲಿಲ್ಲ.

‘ಮಾರಬಾರದು’ ಎಂಬ ಷರತ್ತು ನೋಡಲು ಸಾಧುವೆನಿಸಿದರೂ ತೊಡಕನ್ನು ತಂದಿತು. ಗ್ನೂ ಸಾರ್ವಜನಿಕ ಪರವಾನಗಿಯುಳ್ಳ ತಂತ್ರಾಂಶಗಳಲ್ಲಿ ಮಾರಾಟಕ್ಕೆ ತಡೆಯಿಲ್ಲ. ಆದಕಾರಣ ನಿಷೇಧವಿರುವ ಸಂಕೇತವನ್ನು ಅವುಗಳೊಡನೆ ಬೆರೆಸಿ ಹಂಚಲಾಗದು. 1999ರಲ್ಲಿ ಅದೇ ಸಂಕೇತವು ಗ್ನೂ ಪರವಾನಗಿಯಡಿ ಮರುಪ್ರಕಟವಾದಾಗ ಆ ತೊಡಕು ಕಳೆಯಿತು. ಆದರೂ ಚಿತ್ರ, ಸಂಗೀತ, ಹಂತಗಳ ವಿನ್ಯಾಸ ಮೊದಲಿನಂತೆಯೇ ಸಂಸ್ಥೆಯ ಸ್ವತ್ತಾಗಿ ಉಳಿದವು. ಅವುಗಳ ಬದಲಿಗೆ ಹೊಸ ಚಿತ್ರ-ಧ್ವನಿಗಳನ್ನು ರಚಿಸಲು ‘ಫ್ರೀಡೂಮ್’ ಎಂಬ ಯೋಜನೆಯನ್ನು ಸ್ವಯಂಸೇವಕರು ಕೈಗೊಂಡರು. ಸಂಕೇತಕ್ಕೊಂದು, ಚಿತ್ರಕ್ಕೊಂದು ಪರವಾನಗಿ ಇರಬಹುದೆಂಬುದು ಇಲ್ಲಿನ ಮುಖ್ಯ ಪಾಠ.

ಉಚಿತವೆಲ್ಲವೂ ಮುಕ್ತವಲ್ಲ

ಬೆಲೆಯಿಲ್ಲದೆ ದೊರೆಯುವುದು ಉಚಿತ; ಬಳಸಲು, ಅರಿಯಲು, ತಿದ್ದಲು, ಹಂಚಲು ಅನುಮತಿಯಿರುವುದು ಮುಕ್ತ. ಮೊಬೈಲಿನಲ್ಲಿ ಹಣವಿಲ್ಲದೆ ಸಿಗುವ ಅನೇಕ ಆಟಗಳನ್ನು ತಿದ್ದುವಂತೆಯೂ ಇಲ್ಲ, ಮರುಹಂಚುವಂತೆಯೂ ಇಲ್ಲ. ಮುಕ್ತ ತಂತ್ರಾಂಶವನ್ನಾದರೋ ಬೆಲೆ ಕಟ್ಟಿ ಮಾರಲೂಬಹುದು. 2000ದಲ್ಲಿ ಆರಂಭವಾದ ‘ಜಿಕಾಂಪ್ರಿ’ ಎಂಬ ಮಕ್ಕಳ ಕಲಿಕೆಯ ಆಟಗಳ ಸಂಪುಟವೂ 2002ರ ‘ಟಕ್ಸ್ ಪೇಂಟ್’ ಎಂಬ ಚಿತ್ರರಚನೆಯ ತಂತ್ರಾಂಶವೂ ಈ ವರ್ಗದವು.

ಗಡಿನಾಡಿನ ಶಾಲೆಗೆ ಈ ಭೇದವು ಕೇವಲ ಪದಚರ್ಚೆಯಲ್ಲ. ಉಚಿತವಾದ ಆಟವು ಬೇರೆ ಭಾಷೆಯಲ್ಲಿದ್ದರೆ ಶಿಕ್ಷಕರು ಅದನ್ನು ಕನ್ನಡಕ್ಕೆ ತರುವಂತಿಲ್ಲ. ಮುಕ್ತವಾದುದಾದರೆ ಅದರ ಸೂಚನೆಗಳನ್ನು ಕನ್ನಡಿಸಿ ನೆರೆಯ ಶಾಲೆಗೂ ನೀಡಬಹುದು. ಕನ್ನಡ ಸಾಮಗ್ರಿ ವಿರಳವಾಗಿರುವ ಕಡೆ ಬೆಲೆಯ ಉಳಿತಾಯಕ್ಕಿಂತ ಈ ಅನುಮತಿಯೇ ದೊಡ್ಡದು. ಕೇರಳದ ಶಾಲೆಗಳ ಗಣಕಗಳಲ್ಲಿ ಮುಕ್ತ ತಂತ್ರಾಂಶವೇ ರೂಢಿಯಲ್ಲಿರುವುದರಿಂದ ಕಾಸರಗೋಡಿನ ಕನ್ನಡ ಶಿಕ್ಷಕರಿಗೆ ಈ ಅವಕಾಶ ಕೈಗೆಟಕುವಂತಿದೆ.

ಓದುವಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳು
1. ಪ್ರತಿ ತೆಗೆದು ಇತರರಿಗೆ ಕೊಡಬಹುದೇ?
2. ತಿದ್ದಬಹುದೇ, ಭಾಷಾಂತರಿಸಬಹುದೇ?
3. ಹಣ ಗಳಿಸುವ ಉದ್ದೇಶಕ್ಕೆ ಬಳಸಬಹುದೇ?
4. ಪ್ರತಿಯಾಗಿ ಪಾಲಿಸಬೇಕಾದ ಷರತ್ತೇನು? ಕರ್ತೃವಿನ ಹೆಸರು ಹೇಳಬೇಕೇ? ಅದೇ ಪರವಾನಗಿಯಲ್ಲಿ ಹಂಚಬೇಕೇ?

ಕಾನೂನಿನ ನಿಲುವು

ನ್ಯಾಯವಾಗಿ ಪಡೆದ ತಂತ್ರಾಂಶವು ಹಾಳಾಗದಂತೆ ರಕ್ಷಣೆಗಾಗಿ ಮಾತ್ರ ಪ್ರತಿ ಇರಿಸಿಕೊಳ್ಳಲು ಅಧಿನಿಯಮದ 52ನೆಯ ಪ್ರಕರಣವು ಅವಕಾಶ ನೀಡುತ್ತದೆ. ಆ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಊರಿಗೆಲ್ಲ ಹಂಚಲು ಅದು ಆಧಾರವಾಗದು. ಬೋಧನೆಯ ಸಂದರ್ಭದಲ್ಲಿ ಕೃತಿಯ ಪ್ರತಿ ತೆಗೆಯಲು ಶಿಕ್ಷಕರಿಗಿರುವ ವಿನಾಯಿತಿಯನ್ನೂ ಬೋಧನೆಯ ಆಚೆಗೆ ಎಳೆಯಬಾರದು. ಅಕ್ರಮ ಪ್ರತಿಯೆಂದು ತಿಳಿದೂ ಗಣಕದಲ್ಲಿ ಬಳಸುವುದು 63ಬಿ ಪ್ರಕರಣದಂತೆ ಅಪರಾಧ. ಕನಿಷ್ಠ ಏಳು ದಿನಗಳ ಸೆರೆವಾಸವೂ 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡವೂ ವಿಧಿಸಬಹುದಾಗಿದೆ. ಲಾಭಕ್ಕಾಗಿಯೋ ವ್ಯಾಪಾರಕ್ಕಾಗಿಯೋ ಬಳಸದಿದ್ದಲ್ಲಿ ಸೆರೆವಾಸವನ್ನು ಬಿಡುವ ವಿವೇಚನೆ ನ್ಯಾಯಾಲಯಕ್ಕುಂಟು. ಲಾಭದ ಉದ್ದೇಶವು ದಂಡನೆಯನ್ನು ಹೆಚ್ಚಿಸುತ್ತದೆ. ಅದರ ಅಭಾವವು ತಪ್ಪನ್ನು ಒಪ್ಪಾಗಿಸುವುದಿಲ್ಲ.

18 ವರ್ಷ ತುಂಬದವರು ಕರಾರಿಗೆ ಅರ್ಹರಲ್ಲ. ಆದುದರಿಂದ ‘ಒಪ್ಪಿದೆ’ ಎಂಬ ಗುಂಡಿಯನ್ನು ಒತ್ತುವ ಮುನ್ನ ಹಿರಿಯರು ಓದಿ ನೋಡಬೇಕೆಂಬ ಅಭ್ಯಾಸವನ್ನು ಮಕ್ಕಳಲ್ಲಿ ಬೆಳೆಸತಕ್ಕದ್ದು.

ತರಗತಿ ಚಟುವಟಿಕೆ

ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿಸಿ, ಒಂದೊಂದು ಸಂದರ್ಭವನ್ನು ಕೊಡಬೇಕು. ತೀರ್ಪನ್ನೂ ಕಾರಣವನ್ನೂ ಪ್ರತಿ ಗುಂಪು ಬರೆದು ಓದಲಿ.

ಅ) ಅಣ್ಣನು ಹಣ ಕೊಟ್ಟು ಪಡೆದ ಆಟದ ಪ್ರತಿಯನ್ನು ತಮ್ಮನು ಸಹಪಾಠಿಗಳಿಗೆ 10 ರೂಪಾಯಿಗೆ ಕೊಡುತ್ತಾನೆ.
ಆ) ಟಕ್ಸ್ ಪೇಂಟಿನಲ್ಲಿ ಮಕ್ಕಳು ಸ್ವತಃ ಬಿಡಿಸಿದ ಚಿತ್ರಗಳನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಮಾರಲಾಗುತ್ತದೆ.
ಇ) ವಾಣಿಜ್ಯೇತರ ಬಳಕೆಗೆ ಮಾತ್ರ ಅನುಮತಿಯಿರುವ ಆಟವೊಂದನ್ನು ಜಾತ್ರೆಯಲ್ಲಿ ಅಂಗಡಿಯವನು ಟಿಕೆಟ್ ಇಟ್ಟು ಆಡಿಸುತ್ತಾನೆ.

ಶಿಕ್ಷಕರಿಗೆ ಸೂಚನೆ: ಮೊದಲನೆಯದರಲ್ಲಿ ಬೆಲೆಯನ್ನು ತೆಗೆದು ಹಾಕಿದರೂ ಅನುಮತಿಯಿಲ್ಲದ ಹಂಚಿಕೆ ಸರಿಯಾಗದು. ಎರಡನೆಯದು ಸಲ್ಲುತ್ತದೆ, ತಂತ್ರಾಂಶದ ಪರವಾನಗಿಯು ಮಕ್ಕಳ ಸ್ವಂತ ಚಿತ್ರದ ಮೇಲೆ ಹಕ್ಕು ಸಾಧಿಸುವುದಿಲ್ಲ. ಮೂರನೆಯದು ಷರತ್ತಿನ ನೇರ ಉಲ್ಲಂಘನೆ.

ಮೌಲ್ಯಮಾಪನ
1. ‘ಉಚಿತ’ ಮತ್ತು ‘ಮುಕ್ತ’ ಪದಗಳನ್ನು ಬಳಸಿ ಎರಡೆರಡು ವಾಕ್ಯಗಳನ್ನು ರಚಿಸಿರಿ.
2. 1997 ಮತ್ತು 1999ರ ಡೂಮ್ ಪರವಾನಗಿಗಳಿಗಿರುವ ವ್ಯತ್ಯಾಸವೇನು?
3. ನೀವೊಂದು ಆಟವನ್ನು ರಚಿಸಿದರೆ ಇತರರಿಗೆ ಯಾವ ಅನುಮತಿಗಳನ್ನು ನೀಡುವಿರಿ? ಐದು ವಾಕ್ಯಗಳ ಪರವಾನಗಿಯನ್ನು ಕನ್ನಡದಲ್ಲಿ ಬರೆಯಿರಿ.

ಕೊನೆಯ ಪ್ರಶ್ನೆಗೆ ಸಾಕಷ್ಟು ಸಮಯ ಕೊಡಬೇಕು. ತಾನು ರಚಿಸಿದ ವಸ್ತುವಿಗೆ ನಿಯಮ ಬರೆಯಲು ಕುಳಿತ ಮಗುವಿಗೆ ಇತರರ ನಿಯಮಗಳ ಹಿಂದಿರುವ ಶ್ರಮ ತಾನಾಗಿ ತಿಳಿದುಬರುತ್ತದೆ.