ಮೀಟರಿನಲ್ಲಿ ಹೇಳಿ, ಮೆಟ್ಟಿಲಿನಲ್ಲಿ ಹೇಳಿ

ನಡೆಯಲು ಕಷ್ಟವಿರುವವರನ್ನು ಯುರೋಪಿಗೆ ಕರೆದುಕೊಂಡು ಹೋಗುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಯಾವ ದೇಶ ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಕಷ್ಟ ಯಾವ ಥರದ್ದು ಅಂತ. ಮಂಡಿ ಸವೆದವರಿಗೆ ಮೆಟ್ಟಿಲು ಹತ್ತುವುದಕ್ಕಿಂತ ಇಳಿಯುವುದು ನೋವು. ಹೃದಯದ ತೊಂದರೆಯವರಿಗೆ ಏರು ಆಗದು. ಸೊಂಟ ನೋವಿನವರು ನಡೆದುಬಿಡುತ್ತಾರೆ, ಕ್ಯೂನಲ್ಲಿ ನಿಲ್ಲಲಾರರು. ನನ್ನ ಅಕ್ಕನಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗಾಲಿಗೆ ಕ್ಯಾಲಿಪರ್, ಅಂದರೆ ಕಾಲನ್ನು ಹಿಡಿದು ನಿಲ್ಲಿಸುವ ಲೋಹದ ಪಟ್ಟಿ, ಬಂತು. ಅದನ್ನೇ ಹಾಕಿಕೊಂಡು ಹಾಸನದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೆ ಸಮಾಜ ಪಾಠ ಮಾಡಿದವಳು. ಎಡಗೈಯಲ್ಲಿ ಊರುಗೋಲಿದ್ದರೆ ಸಮತಟ್ಟಾದ ರಸ್ತೆಯಲ್ಲಿ ಮುನ್ನೂರು ಮೀಟರ್ ಆರಾಮಾಗಿ ನಡೆಯುತ್ತಾಳೆ. ಹಿಡಿಯಲು ರೇಲಿಂಗ್ ಇದ್ದರೆ ಹತ್ತು ಮೆಟ್ಟಿಲು ಹತ್ತುತ್ತಾಳೆ. ಒದ್ದೆಯಾದ ಕಲ್ಲುಹಾಸು, ಉಬ್ಬುತಗ್ಗಿನ ನೆಲ, ಇಳಿಜಾರು ಮಾತ್ರ ಬೇಡವೇ ಬೇಡ. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡ ಮೇಲೆಯೇ ನಾವು ನಕ್ಷೆ ಬಿಡಿಸಿದ್ದು.

ಬೆಂಗಳೂರಿನ ಟೂರ್ ಕಂಪನಿಯೊಂದರಲ್ಲಿ ವಿಚಾರಿಸಿದೆವು. "ಸ್ವಲ್ಪವೇ ನಡೆಯೋದಿರುತ್ತೆ ಸರ್, ಎಪ್ಪತ್ತು ದಾಟಿದವರೂ ಬರ್ತಾರೆ" ಎಂದರು. ಆ ಸ್ವಲ್ಪ ಎಷ್ಟು ಮೀಟರ್ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಯುರೋಪಿನ ಅನೇಕ ಹಳೆಯ ಪೇಟೆಗಳ ಒಳಗೆ ಪ್ರವಾಸಿ ಬಸ್ಸುಗಳನ್ನು ಬಿಡುವುದಿಲ್ಲ. ಫ್ಲಾರೆನ್ಸಿನಲ್ಲಿ ಹೊರಗೇ ಇಳಿಸುತ್ತಾರೆ. ವೆನಿಸ್‌ನಲ್ಲಿ ಬಸ್ಸು ತ್ರೊಂಕೆತ್ತೊ ದ್ವೀಪದಲ್ಲಿ ನಿಂತರೆ ಅಲ್ಲಿಂದ ದೋಣಿ, ದೋಣಿ ಇಳಿದ ಮೇಲೆ ಮತ್ತೆ ನಡಿಗೆ. ನಲವತ್ತು ಜನರ ಗುಂಪು ಯಾರಿಗೂ ಕಾಯುವುದಿಲ್ಲ. ಹಿಂದೆ ಬಿದ್ದವರನ್ನು ಪಾರ್ಕಿಂಗ್ ಪಕ್ಕದ ಕಾಫಿ ಅಂಗಡಿಯಲ್ಲಿ ಕೂರಿಸಿ ಮುಂದೆ ಹೋಗುತ್ತಾರೆ. "ನಾನು ಅಷ್ಟು ದೂರ ಬಸ್‌ಸ್ಟ್ಯಾಂಡ್ ನೋಡೋಕೆ ಬರಲ್ಲ ಕಣೋ" ಎಂದಳು ಅಕ್ಕ. ಪ್ಯಾಕೇಜಿನ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಊರುಗಳನ್ನು ಆರಿಸಲು ನಾವು ಹಿಡಿದ ಅಳತೆಗೋಲು ಒಂದೇ: ಕೂತಲ್ಲಿಂದಲೇ ಊರು ಕಾಣಬೇಕು. ಟ್ರಾಮು, ಬಸ್ಸು, ದೋಣಿ, ರೈಲು ಬರೀ ಜಾಗ ತಲುಪಿಸಿದರೆ ಸಾಲದು, ಅದರ ಕಿಟಕಿಯೇ ನೋಡುವ ಜಾಗ ಆಗಬೇಕು. ಈ ಲೆಕ್ಕದಲ್ಲಿ ಪ್ರಾಗ್ ಪಟ್ಟಿಯಿಂದ ಹೋಯಿತು. ಅಕ್ಕನಿಗೆ ಚಾರ್ಲ್ಸ್ ಸೇತುವೆಯ ಆಸೆ ಬಹಳ ಇತ್ತು, ಆದರೆ ಆ ಪೇಟೆಯ ತುಂಬ ಗುಂಡುಕಲ್ಲಿನ ನೆಲ. ವೆನಿಸ್ ಬಗ್ಗೆ ಬಹಳ ಹೊತ್ತು ಯೋಚಿಸಿದೆವು. ಅಲ್ಲಿ ನಾನೂರಕ್ಕೂ ಮಿಕ್ಕಿ ಸೇತುವೆಗಳು, ಹೆಚ್ಚಿನವಕ್ಕೆಲ್ಲ ಮೆಟ್ಟಿಲು. ಆದರೂ ಗ್ರ್ಯಾಂಡ್ ಕೆನಾಲಿನಲ್ಲಿ ಓಡಾಡುವ ಒಂದನೇ ನಂಬರಿನ ವಾಪೊರೆತ್ತೊ ದೋಣಿಗೆ ಕಟ್ಟೆಯಿಂದ ನೇರ ಕಾಲಿಡಬಹುದು. ದೋಣಿ ನಿಲ್ಲುವಲ್ಲೇ ಹೋಟೆಲ್ ಸಿಗುವವರು ಧೈರ್ಯವಾಗಿ ಹೋಗಬಹುದು. ನಮ್ಮ ಕೈಗೆಟುಕುವ ದರದಲ್ಲಿ ಅಂಥದ್ದು ಸಿಗಲಿಲ್ಲ. ಕೊನೆಗೆ ಉಳಿದದ್ದು ವಿಯೆನ್ನಾ, ಲುಸರ್ನ್, ಮತ್ತು ಅಕ್ಕ ಹಟ ಹಿಡಿದದ್ದಕ್ಕೆ ಪ್ಯಾರಿಸ್.

ನನ್ನನ್ನು ಕೇಳಿದರೆ ಮೊದಲ ಸಲ ಹೋಗುವವರಿಗೆ ವಿಯೆನ್ನಾಕ್ಕಿಂತ ಒಳ್ಳೆಯ ಊರಿಲ್ಲ. ನಡುಪೇಟೆ ಬಹುಪಾಲು ಸಮತಟ್ಟು. ಮೆಟ್ರೋದ ಎಲ್ಲ ನಿಲ್ದಾಣಗಳಿಗೂ ಲಿಫ್ಟ್ ಇದೆ. 1857ರಲ್ಲಿ ಚಕ್ರವರ್ತಿ ಫ್ರಾಂಜ್ ಜೋಸೆಫ್ ಹಳೆಯ ಕೋಟೆಗೋಡೆ ಕೆಡವಿಸಲು ಅಪ್ಪಣೆ ಕೊಟ್ಟ ಮೇಲೆ ಆ ಜಾಗದಲ್ಲಿ ಬಂದದ್ದು ರಿಂಗ್ ರಸ್ತೆ. ಊರಿನ ದೊಡ್ಡ ಕಟ್ಟಡಗಳಲ್ಲಿ ಬಹಳಷ್ಟು ಅದರ ಮೇಲೇ ಇವೆ. ಒಂದನೇ ನಂಬರಿನ ಟ್ರಾಮ್ ಹತ್ತಿ ಕೂತರೆ ಒಪೆರಾ, ಪಾರ್ಲಿಮೆಂಟ್, ಪುರಭವನ, ವಿಶ್ವವಿದ್ಯಾಲಯ ಒಂದರ ಹಿಂದೊಂದು ಕಿಟಕಿಗೇ ಬರುತ್ತವೆ. ನಿಲ್ದಾಣದ ಫಲಕದಲ್ಲಿ ಟ್ರಾಮ್ ಎಷ್ಟು ನಿಮಿಷದಲ್ಲಿ ಬರುತ್ತದೆ ಎನ್ನುವುದರ ಜೊತೆಗೆ ಪುಟ್ಟ ವ್ಹೀಲ್‌ಚೇರ್ ಗುರುತು ಇದ್ದರೆ ಅದು ತಗ್ಗು ನೆಲದ ಗಾಡಿ ಎಂದರ್ಥ. ಹಳೆಯ, ಎತ್ತರದ ಮೆಟ್ಟಿಲಿನ ಗಾಡಿ ಬಂದರೆ ನಾವು ಅದನ್ನು ಬಿಟ್ಟು ಗುರುತಿರುವುದಕ್ಕೆ ಕಾಯುತ್ತಿದ್ದೆವು. ಹತ್ತಿದ ಮೇಲೆ ಅಕ್ಕ ನಡೆಯುವ ದಾರಿಯ ಪಕ್ಕದ ಸೀಟೇ ಹುಡುಕುತ್ತಿದ್ದಳು: ಕೂತು, ಕ್ಯಾಲಿಪರಿನ ಮಂಡಿ ಲಾಕ್ ಬಿಚ್ಚಿ, ಎರಡು ಕೈಯಲ್ಲಿ ಕಾಲು ಮಡಿಸಿಕೊಳ್ಳುವಷ್ಟು ಜಾಗ ಬೇಕು. ಇಳಿಯುವುದಕ್ಕೆ ಒಂದು ನಿಲ್ದಾಣ ಮುಂಚೆಯೇ ಮತ್ತೆ ಲಾಕ್. ಅವಸರ ಮಾಡುವ ಊರಿನಲ್ಲಿ ಇದಾಗುವುದಿಲ್ಲ. ಅಲ್ಲಿ ಯಾರೂ ಅವಸರ ಮಾಡಲಿಲ್ಲ.

ಪ್ಯಾರಿಸ್ ಬೇರೆ. ಅದರ ಮೆಟ್ರೋ 1900ರದ್ದು, ಹೆಚ್ಚಿನ ನಿಲ್ದಾಣಗಳಲ್ಲಿ ಮೆಟ್ಟಿಲೇ ಗತಿ. 1998ರಲ್ಲಿ ಶುರುವಾದ 14ನೇ ಮಾರ್ಗ ಒಂದು ಮಾತ್ರ ಮೊದಲಿನಿಂದಲೂ ಲಿಫ್ಟ್ ಇಟ್ಟುಕೊಂಡೇ ಕಟ್ಟಿದ್ದು. ಹಾಗಾಗಿ ಮೆಟ್ರೋವನ್ನು ಪೂರ್ತಿ ಮರೆತು ಸಿಟಿ ಬಸ್ ಹಿಡಿದೆವು. ಬಸ್ಸು ಫುಟ್‌ಪಾತಿಗೆ ತಾಗಿ ನಿಲ್ಲುತ್ತದೆ, ಬೇಕೆಂದರೆ ರ‍್ಯಾಂಪ್ ಹೊರಗೆ ಬರುತ್ತದೆ. 69ನೇ ನಂಬರಿನ ಬಸ್ಸು ಐಫೆಲ್ ಗೋಪುರದ ಹತ್ತಿರದಿಂದ ಹೊರಟು ಲೂವ್ರ್ ಮ್ಯೂಸಿಯಂ ಹಾದು ಬ್ಯಾಸ್ಟೀಲ್ ಚೌಕಕ್ಕೆ ಬರುತ್ತದೆ. ಅಕ್ಕ ವರ್ಷವರ್ಷ ಒಂಬತ್ತನೇ ಕ್ಲಾಸಿಗೆ ಪಾಠ ಮಾಡಿದ ಜಾಗ. ಅಲ್ಲಿದ್ದ ಸೆರೆಮನೆ ಈಗಿಲ್ಲ, ಫ್ರೆಂಚ್ ಕ್ರಾಂತಿ ಶುರುವಾದ ಬೆನ್ನಿಗೇ ಕೆಡವಿದರು. "ಚೌಕದ ನಡುವಿನ ಆ ಕಂಬ 1789ರದ್ದಲ್ಲ, 1830ರ ಕ್ರಾಂತಿಯ ನೆನಪಿಗೆ ನಿಲ್ಲಿಸಿದ್ದು" ಎಂದು ಕಿಟಕಿಯಿಂದಲೇ ತೋರಿಸಿದಳು. ಅವಳು ಹೇಳಿದ್ದನ್ನು ನಾನು ಆಮೇಲೆ ಓದಿ ನೋಡಿದೆ, ಸರಿಯೇ.

ಲೂವ್ರ್‌ನಲ್ಲಿ ವ್ಹೀಲ್‌ಚೇರನ್ನು ಬಿಟ್ಟಿಯಾಗಿ ಕೊಡುತ್ತಾರೆ. ಅಂಗವಿಕಲರಿಗೂ ಜೊತೆಗೆ ಬಂದ ಒಬ್ಬರಿಗೂ ಟಿಕೆಟ್ ಇಲ್ಲ. ಅಕ್ಕನ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿನಲ್ಲಿ ಇಂಗ್ಲಿಷ್ ಇದ್ದದ್ದು ಉಪಯೋಗಕ್ಕೆ ಬಂತು. ಆದರೆ ಅವಳನ್ನು ವ್ಹೀಲ್‌ಚೇರಿನಲ್ಲಿ ಕೂರಿಸುವುದು ಸುಲಭದ ಮಾತಾಗಿರಲಿಲ್ಲ. ಇಡೀ ಜೀವಮಾನ ತನ್ನ ಕಾಲ ಮೇಲೆ ಸ್ಕೂಲಿಗೆ ಹೋಗಿ ಬಂದವಳು ಅವಳು. ನಾನು ಒತ್ತಾಯ ಮಾಡಲಿಲ್ಲ. ಡಾಕ್ಟರು ಹೊರಡುವ ಮುಂಚೆ ಒಂದು ಮಾತು ಹೇಳಿದ್ದರು: ಪೋಲಿಯೋ ಆದವರ ಸ್ನಾಯುಗಳು ವಯಸ್ಸಾದ ಮೇಲೆ ಬೇಗ ಸೋಲುತ್ತವೆ, ದಣಿಸಿದರೆ ಚೇತರಿಸಿಕೊಳ್ಳಲು ದಿನಗಳೇ ಹಿಡಿಯಬಹುದು, ಶಕ್ತಿಯನ್ನು ಸಂಬಳದ ಹಾಗೆ ಲೆಕ್ಕ ಹಾಕಿ ಖರ್ಚು ಮಾಡಿ ಎಂದು. ಅದನ್ನು ನೆನೆದೋ ಏನೋ, ಮ್ಯೂಸಿಯಂ ಬಾಗಿಲಿನ ಗಾಜಿನ ಪಿರಮಿಡ್ಡಿನ ಕೆಳಗಿನ ಹಜಾರದಲ್ಲಿ ತಾನೇ ಕೇಳಿದಳು. "ಕಾಲು ಇಲ್ಲೇ ಖರ್ಚಾದ್ರೆ ಚಿತ್ರ ಯಾವಾಗ ನೋಡೋದು, ತಗೊಂಬಾ." ಆವತ್ತಿನಿಂದ ದಿನಕ್ಕೆ ಒಂದೇ ಜಾಗ, ಅದೂ ಊಟಕ್ಕೆ ಮುಂಚೆ ಎಂದು ಗೊತ್ತುಮಾಡಿಕೊಂಡೆವು.

ಲುಸರ್ನ್ ಆರಿಸಿದ್ದು ಅದರ ರೈಲ್ವೆ ನಿಲ್ದಾಣಕ್ಕಾಗಿ. ಹಳಿಗಳೆಲ್ಲ ಅಲ್ಲಿಗೇ ಮುಗಿಯುವುದರಿಂದ ಪ್ಲಾಟ್‌ಫಾರಂನಿಂದ ಹೊರಬರಲು ಸೇತುವೆಯೂ ಇಲ್ಲ, ಸುರಂಗವೂ ಇಲ್ಲ. ಬಾಗಿಲು ದಾಟಿದರೆ ಎದುರಿಗೇ ದೋಣಿಕಟ್ಟೆ. ಅಲ್ಲಿಂದ ಸುಮಾರು ಒಂದು ಗಂಟೆ ಸರೋವರದ ಮೇಲೆ ಕೂತು ಹೋದರೆ ವಿಟ್ಸ್‌ನಾವ್. ದೋಣಿ ಇಳಿದಲ್ಲೇ ರಿಗಿ ಬೆಟ್ಟದ ಹಲ್ಲುಹಳಿ ರೈಲು ನಿಂತಿರುತ್ತದೆ. 1871ರಲ್ಲಿ ಶುರುವಾದ ಇದು ಯುರೋಪಿನಲ್ಲೇ ಮೊದಲ ಬೆಟ್ಟದ ಹಲ್ಲುಹಳಿ ರೈಲು. ನಮ್ಮ ಊಟಿ ರೈಲಿಗೂ ಹಲ್ಲುಹಳಿಯೇ, ಅದರ ಹಳೆಯ ಎಂಜಿನ್‌ಗಳಲ್ಲಿ ಹಲವು ಬಂದದ್ದೂ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಊರಿನಿಂದ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ದೋಣಿಗೂ ಬೆಟ್ಟದ ರೈಲಿಗೂ ಬೇರೆ ಟಿಕೆಟ್ ಬೇಡ. ಮೇಲೆ, 1,798 ಮೀಟರಿನ ತುದಿಗೆ ನಿಲ್ದಾಣದಿಂದ ಇನ್ನೊಂದು ಸಣ್ಣ ಏರು ಇದೆ. ಅಕ್ಕ ಅದನ್ನು ಹತ್ತಲಿಲ್ಲ. ಕೆಳಗಿನ ಬೆಂಚಿನಲ್ಲೇ ಕೂತು ಆಲ್ಪ್ಸ್ ಸಾಲನ್ನು ಮಧ್ಯಾಹ್ನದವರೆಗೂ ನೋಡಿದಳು. ಎಲ್ಲರೂ ಹೇಳುವ ಯುಂಗ್‌ಫ್ರೌಯೋಖ್ ಬಿಟ್ಟೆವು. 3,454 ಮೀಟರ್ ಎತ್ತರ, ತೆಳುವಾದ ಗಾಳಿ, ಖರ್ಚೂ ವಿಪರೀತ. ಬಿಟ್ಟದ್ದಕ್ಕೆ ಇಬ್ಬರಿಗೂ ಬೇಸರವಿಲ್ಲ.

ಊರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡದ್ದು ರೂಮು. ಲಿಫ್ಟ್ ಇದೆ ಎಂಬ ಉತ್ತರವನ್ನು ನಂಬಬಾರದು. ಹಳೆಯ ಕಟ್ಟಡಗಳಲ್ಲಿ ನಾಲ್ಕೈದು ಮೆಟ್ಟಿಲು ಹತ್ತಿದ ಮೇಲೆ ಲಿಫ್ಟ್ ಶುರುವಾಗುವುದುಂಟು. ರಸ್ತೆಯಿಂದ ಹಾಸಿಗೆಯವರೆಗೆ ಒಟ್ಟು ಎಷ್ಟು ಮೆಟ್ಟಿಲು ಎಂದು ಕೇಳಬೇಕು. ಆಮೇಲೆ ಬಚ್ಚಲು. ಅನೇಕ ಹೋಟೆಲುಗಳಲ್ಲಿ ಷವರ್ ಇರುವುದು ಬಾತ್‌ಟಬ್ಬಿನ ಒಳಗೆ. ಅಕ್ಕ ಸ್ನಾನಕ್ಕೆ ಕ್ಯಾಲಿಪರ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಆ ಕಾಲಿಗೆ ನಿಲ್ಲುವ ಶಕ್ತಿಯಿಲ್ಲ. ಮಂಡಿಯೆತ್ತರದ ನುಣುಪಾದ ಅಂಚನ್ನು ಒದ್ದೆ ನೆಲದಿಂದ ದಾಟುವುದು ಅವಳ ಪಾಲಿಗೆ ಬೆಟ್ಟ ಹತ್ತುವುದಕ್ಕಿಂತ ಅಪಾಯ. ಪ್ರತಿ ಹೋಟೆಲಿಗೂ ಬರೆದು ಬಚ್ಚಲಿನ ಫೋಟೋ ತರಿಸಿಕೊಂಡೆವು, ಷವರಿನಲ್ಲಿ ಕೂರಲು ಸ್ಟೂಲ್ ಇಡಿಸಿಕೊಂಡೆವು. ಫೋಟೋ ಕಳಿಸದ ಹೋಟೆಲನ್ನು ಬಿಟ್ಟೆವು. ಕಾಫಿ ಅಂಗಡಿಗಳಲ್ಲೂ ಕೂರುವ ಮುಂಚೆ ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳಿ. ಪ್ಯಾರಿಸ್ಸಿನಲ್ಲಿ ಅದು ಬಹುತೇಕ ನೆಲಮಾಳಿಗೆಯಲ್ಲಿ, ಕಿರಿದಾದ ಸುರುಳಿ ಮೆಟ್ಟಿಲಿನ ಕೆಳಗೆ.

ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕೇ ಬೇಕು. ಮೊದಲಿನಿಂದ ಇರುವ ಕಾಯಿಲೆ ಅದರಲ್ಲಿ ಸೇರಿದೆಯೇ ಎಂಬುದನ್ನು ದುಡ್ಡು ಕಟ್ಟುವ ಮುಂಚೆ ಓದಿ. ಕ್ಯಾಲಿಪರ್ ಇದ್ದವರು ಡಾಕ್ಟರ ಪತ್ರ ಕೈಚೀಲದಲ್ಲೇ ಇಟ್ಟುಕೊಳ್ಳಿ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಲೋಹಕ್ಕೆ ಯಂತ್ರ ಕೂಗುತ್ತದೆ.

ಕೊನೆಯದಾಗಿ, ಟಿಕೆಟ್ ಮಾಡಿಸಿದ ದಿನವೇ ವಿಮಾನ ಕಂಪನಿಗೆ ವ್ಹೀಲ್‌ಚೇರ್ ನೆರವು ಬೇಕೆಂದು ಹೇಳಿಬಿಡಿ. ಐರೋಪ್ಯ ಒಕ್ಕೂಟದ 2006ರ 1107ನೇ ನಿಯಮದಂತೆ ಅಲ್ಲಿನ ವಿಮಾನ ನಿಲ್ದಾಣಗಳಲ್ಲಿ ಈ ನೆರವು ಉಚಿತ. ಹೊರಡುವುದಕ್ಕೆ 48 ಗಂಟೆ ಮುಂಚೆ ತಿಳಿಸಿರಬೇಕು, ಅಷ್ಟೇ. ಅಂಗವಿಕಲರಿಗೆ ಮಾತ್ರವಲ್ಲ, ವಯಸ್ಸಾಗಿ ನಡೆಯಲು ಕಷ್ಟವಾಗುವವರಿಗೂ ಅದು ಸಲ್ಲುತ್ತದೆ. ನಿಮ್ಮ ಅಪ್ಪ ಅಮ್ಮನಿಗೆ, ಅಕ್ಕನಿಗೆ, ಅತ್ತೆ ಮಾವನಿಗೆ ಇದು ಸಿಗಬೇಕಾದ ಹಕ್ಕು. ಸಂಕೋಚ ಬಿಟ್ಟು ಕೇಳಿ.